ನಾ ಜೇನು ಹಚ್ಚಿದ್ದಕ್ಕೇ ಕೀವಾತೇನೋ ತಮ್ಮಾ?

ನಾಲ್ಕು ವರ್ಷದ ಹಿಂದಿನ ಪಂಚಮಿ. ಮನೆಯಲ್ಲಿ ಉಂಡಿ ಕಟ್ಟುವ ಗಡಿಬಿಡಿ. ಅವ್ವ ಶೇಂಗಾ ಉಂಡಿಗೆ ಬೆಲ್ಲದ ಪಾಕ ಹಿಡಿಯುತ್ತಿದ್ದಳು. ಪಾಕ ಎಳೆ ಬಂತು, ಪಾತ್ರೆ ಇಳಿಸಲು ಹೋದಳು, ಇಕ್ಕಳ ಜಾರಿತು. ಎಡಗೈ ಮೇಲೆ ಮೊಣಕೈಯಿಂದ ಬೆರಳಿನ ಗೆಣ್ಣಿನವರೆಗೆ ಸುರಿಯಿತು. ಕುದಿಯುವ ನೀರಾದರೆ ಬಿದ್ದು ಹರಿದು ಹೋಗುತ್ತದೆ. ಪಾಕ ಹಾಗಲ್ಲ, ಚರ್ಮಕ್ಕೆ ಅಂಟಿ ಕೂತು ಸುಡುತ್ತಲೇ ಇರುತ್ತದೆ.

ಆಗ ಮನೆಯಲ್ಲಿದ್ದವಳು ಅಪ್ಪನ ಅಕ್ಕ, ನಮ್ಮ ಅತ್ತಿ. ಯಾರೋ ಕೊಡ ತರಲು ಓಡಿದರೆ ಅತ್ತಿಯೇ ತಡೆದಳಂತೆ, "ನೀರು ಹಾಕಬ್ಯಾಡ್ರಿ, ಬೊಬ್ಬಿ ಏಳ್ತಾವ" ಅಂತ. ಆಮೇಲೆ ಕಪಾಟಿನಲ್ಲಿದ್ದ ಅಂಗಡಿ ಜೇನಿನ ಬಾಟಲಿ ತೆಗೆದು ಧಾರಾಳವಾಗಿ ಹಚ್ಚಿ, ಹಳೆಯ ಮೆತ್ತನೆಯ ಸೀರೆ ಹರಿದು ಸುತ್ತಿದಳು. ಆಕೆಯ ತಾಯಿ ಮಾಡಿದ್ದೂ ಅದನ್ನೇ. ಅವ್ವನಿಗೆ ಉರಿ ಸ್ವಲ್ಪ ತಣ್ಣಗಾದಂತೆ ಅನಿಸಿತು. ಮೂರು ದಿನ ಯಾರೂ ಆ ಬಟ್ಟೆ ಬಿಚ್ಚಲಿಲ್ಲ.

ಆರನೇ ದಿನ ನಾನು ಊರಿಗೆ ಬಂದಾಗ ಬಾಗಿಲಲ್ಲೇ ವಾಸನೆ ಬಂತು. ಕೊಳೆತ ವಾಸನೆ ಅಂತ ಸುಮ್ನೆ ಹೇಳಿಬಿಡಲು ಆಗುವುದಿಲ್ಲ, ಅದರಲ್ಲಿ ಒಂದು ವಿಚಿತ್ರ ಸಿಹಿ ಇತ್ತು. ಬಟ್ಟೆಯ ಮೇಲೆ ಹಸಿರು ಕಲೆ. ಜ್ವರ. ನಡುವೆ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದರು, ಅಲ್ಲಿ ಒಂದು ಮುಲಾಮು, ನಾಲ್ಕು ಮಾತ್ರೆ ಕೊಟ್ಟು ಕಳಿಸಿದ್ದರು. ಅವ್ವನಿಗೆ ಹತ್ತು ವರ್ಷದಿಂದ ಶುಗರ್ ಇದೆ ಅಂತ ಅಲ್ಲಿ ಯಾರೂ ಕೇಳಲಿಲ್ಲ, ನಮ್ಮವರೂ ಹೇಳಲಿಲ್ಲ. ಚಡಚಣದ ಹತ್ತಿರದ ನಮ್ಮೂರಿಗೆ ವಿಜಯಪುರಕ್ಕಿಂತ ಸೊಲ್ಲಾಪುರವೇ ಹತ್ತಿರ. ಬಾಣಂತನ, ಆಪರೇಷನ್, ಕಣ್ಣು, ಹೃದಯ, ಎಲ್ಲಕ್ಕೂ ನಾವು ಹೋಗುವುದು ಅಲ್ಲಿಗೇ. ಗಡಿ ದಾಟಿದ ಹಾಗೆ ಅನ್ನಿಸುವುದೇ ಇಲ್ಲ, ಅರ್ಧ ಊರು ಕನ್ನಡ ಮಾತಾಡುತ್ತದೆ. ಆ ರಾತ್ರಿಯೇ ಹೊರಟೆವು.

ಬೆಳಿಗ್ಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಾಗ ಅತ್ತಿ ನನ್ನ ಕೈ ಹಿಡಿದು ಕೇಳಿದಳು, "ನಾ ಜೇನು ಹಚ್ಚಿದ್ದಕ್ಕೇ ಕೀವಾತೇನೋ ತಮ್ಮಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಟ್ಟಿತ್ತು, ಹಾಗಾಗಿ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದನ್ನು ಅತ್ತಿ "ಹೌದು" ಅಂತಲೇ ತಿಳಿದುಕೊಂಡಳು. ಈ ಬರಹ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕೇ.

ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದು ಗಾಯ ತೊಳೆದು ಸತ್ತ ಚರ್ಮ ತೆಗೆದದ್ದು, ಯಾವ ಬ್ಯಾಕ್ಟೀರಿಯಾ ಅಂತ ತಿಳಿಯಲು ಕೀವನ್ನು ಕಲ್ಚರ್‌ ಪರೀಕ್ಷೆಗೆ ಕಳಿಸಿದ್ದು, ಟಿಟಿ ಇಂಜೆಕ್ಷನ್, ಸಲೈನ್ ಜೊತೆ ಆ್ಯಂಟಿಬಯಾಟಿಕ್, ಶುಗರ್‌ಗೆ ಇನ್ಸುಲಿನ್. ಆಮೇಲೆ ಬಂತು ಬಿಳಿ ಕ್ರೀಮು. ಬರ್ನ್ಸ್ ವಾರ್ಡಿನಲ್ಲಿ ಒಂದು ದಿನ ಕಳೆದವರಿಗೂ ಅದು ಗೊತ್ತಿರುತ್ತದೆ. ಸಿಲ್ವರ್ ಸಲ್ಫಾಡಯಜಿನ್, ಶೇ. 1ರದು, ಎಲ್ಲರ ಬಾಯಲ್ಲಿ ಬರೀ "ಸಿಲ್ವರ್ ಕ್ರೀಮು". ದೊಡ್ಡ ಡಬ್ಬಿಯಿಂದ ತೆಗೆದು ಬೆಣ್ಣೆ ಬಳಿದ ಹಾಗೆ ದಪ್ಪಗೆ ಬಳಿದು, ಗಾಜ್ ಬಟ್ಟೆ ಇಟ್ಟು, ಬ್ಯಾಂಡೇಜು ಸುತ್ತುತ್ತಾರೆ. ಹಚ್ಚುವಾಗ ತಂಪು. ತೆಗೆಯುವಾಗ ನರಕ.

ಸುಟ್ಟ ಗಾಯ ಅಂದರೆ ನಾವು ಸುಟ್ಟ ಆ ಒಂದು ಗಳಿಗೆಯನ್ನೇ ನೆನೆಯುತ್ತೇವೆ. ಅನುಭವಿಸಿದವರಿಗೆ ಅದು ಪ್ರತಿ ದಿನ ಬೆಳಿಗ್ಗೆ ಹತ್ತೂವರೆ ಗಂಟೆ. ಟ್ರಾಲಿಯ ಚಕ್ರದ ಸದ್ದು ಕೇಳಿದರೆ ಸಾಕು, ಅವ್ವನ ಮುಖ ಬಿಳಿಚಿಕೊಳ್ಳುತ್ತಿತ್ತು. ಒಣಗಿದ ಬಟ್ಟೆಯನ್ನು ಸಲೈನ್ ಹಾಕಿ ನೆನೆಸಿ ಎಳೆಯಬೇಕು, ನಿನ್ನೆಯ ಕ್ರೀಮು ಪೂರ್ತಿ ತೊಳೆಯಬೇಕು. ಅದು ಗಾಯದ ರಸದ ಜೊತೆ ಸೇರಿ ಬಿಳಿ–ಹಳದಿ ಪೊರೆ ಕಟ್ಟಿರುತ್ತದೆ. ನೋಡಿದರೆ ಕೀವೇ ಅನ್ನಬೇಕು, ಆದರೆ ಕೀವಲ್ಲ. ಅದನ್ನು ಉಜ್ಜಿ ತೆಗೆಯದೆ ಕೆಳಗೆ ಗಾಯ ಹೇಗಿದೆ ಅಂತ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಉಜ್ಜುವಾಗ ಹೊಸದಾಗಿ ಬರುತ್ತಿರುವ ಎಳೆ ಚರ್ಮವೂ ಕಿತ್ತು ಬರುತ್ತದೆ. ಮೂರನೇ ದಿನ ಅವ್ವ ಸಿಸ್ಟರ್ ಕೈ ಹಿಡಿದು, "ಇವತ್ತೊಂದಿನ ಬಿಟ್ಟುಬಿಡ್ರಿ, ನಿಮ್ಮ ಕಾಲು ಬೀಳ್ತೀನಿ" ಅಂದಳು. ಆ ಸಿಸ್ಟರ್ ಕನ್ನಡದವರೇ. ಕಣ್ಣಲ್ಲಿ ನೀರು ಬಂದರೂ ಕೈ ನಿಲ್ಲಿಸಲಿಲ್ಲ.

ವಾರ ಕಳೆದ ಮೇಲೆ ಡ್ರೆಸ್ಸಿಂಗ್ ಬದಲಾಯಿತು. ಬೆಳ್ಳಿಯ ಕಣ ಇರುವ ಹಾಳೆ. ಒಂದು ಸಲ ಇಟ್ಟರೆ ಮೂರು ದಿನ ತೆಗೆಯುವ ಹಾಗಿಲ್ಲ. ದುಬಾರಿ, ಹಾಳೆಗೆ ಸಾವಿರದ ಮೇಲೆ. ಆದರೆ ಮೂರು ದಿನಕ್ಕೊಮ್ಮೆ ಮಾತ್ರ ಆ ಟ್ರಾಲಿ ಬರುತ್ತದೆ ಅಂದರೆ ಅವ್ವನಿಗೆ ಅದರ ಬೆಲೆ ಎಷ್ಟು ಅಂತ ಲೆಕ್ಕ ಹಾಕಲು ನನಗೆ ಬರಲ್ಲ.

ರಾತ್ರಿ ವಾರ್ಡಿನ ಹೊರಗೆ ಮೊಬೈಲ್ ಹಿಡಿದು ಕೂತು ಓದಲು ಶುರು ಮಾಡಿದ್ದು ಆಗಲೇ. ಬೆಳ್ಳಿ ಯಾಕೆ ಅಂತ ಮೊದಲ ಪ್ರಶ್ನೆ. ಬೆಳ್ಳಿ ಗಟ್ಟಿಯಾಗಿ, ಲೋಟವಾಗಿ ಇದ್ದಾಗ ಹೆಚ್ಚೇನೂ ಮಾಡಲ್ಲ. ತೇವ ತಾಗಿ ಅದರಿಂದ ಅಯಾನ್‌ಗಳು, ಅಂದರೆ ವಿದ್ಯುತ್ ಅಂಶವಿರುವ ಬೆಳ್ಳಿಯ ಅತಿ ಸಣ್ಣ ಕಣಗಳು, ಬಿಡುಗಡೆ ಆದಾಗ, ಅವು ಬ್ಯಾಕ್ಟೀರಿಯಾದ ಗೋಡೆಗೂ ಒಳಗಿನ ಪ್ರೋಟೀನುಗಳಿಗೂ ಅಂಟಿಕೊಂಡು ಅದರ ಉಸಿರಾಟವನ್ನೇ ಕೆಡಿಸುತ್ತವೆ. 1965ರಲ್ಲಿ ಅಮೆರಿಕದ ಕಾರ್ಲ್ ಮೋಯರ್ ಮತ್ತು ಜೊತೆಗಾರರು ಶೇ. 0.5ರ ಸಿಲ್ವರ್ ನೈಟ್ರೇಟ್ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಸುಟ್ಟ ಗಾಯಕ್ಕೆ ಬಳಸಿ ತೋರಿಸಿದರು. ಕೆಲಸ ಮಾಡಿತು, ಆದರೆ ಹಾಸಿಗೆ, ಗೋಡೆ, ಸಿಸ್ಟರ್‌ಗಳ ಕೈ ಎಲ್ಲ ಕಪ್ಪಾಗುತ್ತಿತ್ತು, ಮೈಯ ಉಪ್ಪಿನಂಶವೂ ಇಳಿಯುತ್ತಿತ್ತು. 1968ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಫಾಕ್ಸ್ ಬೆಳ್ಳಿಯನ್ನು ಬ್ಯಾಕ್ಟೀರಿಯಾ ತಡೆಯುವ ಸಲ್ಫಾ ಎಂಬ ಔಷಧದ ಜೊತೆ ಸೇರಿಸಿ ಆ ಬಿಳಿ ಕ್ರೀಮು ಮಾಡಿದರು. ನನ್ನ ಅವ್ವನ ಕೈಯಲ್ಲಿ ಹಸಿರು ಬಣ್ಣ, ಸಿಹಿ ವಾಸನೆ ಮಾಡಿದ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಆ ಕಾಲಕ್ಕೆ ಬರ್ನ್ಸ್ ವಾರ್ಡುಗಳ ಯಮ. ಅದರ ಮುಂದೆ ನಿಂತ ಔಷಧ ಇದು. ಈ ಕ್ರೀಮಿನ ಬಗ್ಗೆ ಈಗ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಬೇಸರ ಆಗುತ್ತದೆ.

ಆದರೆ ಬೆಳ್ಳಿಗೆ ಬ್ಯಾಕ್ಟೀರಿಯಾ ಯಾವುದು, ನಮ್ಮ ಎಳೆ ಚರ್ಮದ ಕೋಶ ಯಾವುದು ಅನ್ನುವ ಭೇದ ಅಷ್ಟಾಗಿ ಇಲ್ಲ. ಎರಡಕ್ಕೂ ಅದು ಒರಟೇ. ಸುಟ್ಟ ಗಾಯದ ಡ್ರೆಸ್ಸಿಂಗ್‌ಗಳ ಮೇಲಿನ ಪ್ರಯೋಗಗಳನ್ನೆಲ್ಲ ಕೂಡಿಸಿ 2013ರಲ್ಲಿ ಕಾಕ್ರೇನ್ ಎಂಬ, ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಸಂಸ್ಥೆಯವರು ಮಾಡಿದ ಪರಿಶೀಲನೆಯಲ್ಲಿ, ಈ ಕ್ರೀಮು ಹಚ್ಚಿದ ಗಾಯಗಳು ಬೆಳ್ಳಿಯ ಹಾಳೆ ಅಥವಾ ಸಿಲಿಕಾನ್ ಡ್ರೆಸ್ಸಿಂಗ್ ಇಟ್ಟ ಗಾಯಗಳಿಗಿಂತ ನಿಧಾನವಾಗಿಯೇ ಮಾಯುತ್ತವೆ ಅಂತ ಕಂಡುಬಂತು. ಈಗ ಎಷ್ಟೋ ಕಡೆ ಸೋಂಕಿಲ್ಲದ, ಹೆಚ್ಚು ಆಳವಿಲ್ಲದ ಗಾಯಕ್ಕೆ ಇದನ್ನು ಹಚ್ಚುವುದೇ ಕಡಿಮೆ ಆಗಿದೆ. ಸಲ್ಫಾ ಅಲರ್ಜಿ ಇದ್ದವರಿಗೆ, ಹಸುಗೂಸುಗಳಿಗೆ, ಹೆರಿಗೆ ಹತ್ತಿರ ಇರುವ ಬಸುರಿಯರಿಗೆ ಇದು ಆಗುವುದಿಲ್ಲ. ಹಾಗಾಗಿ ಮನೆಯಲ್ಲಿ ಉಳಿದ ಟ್ಯೂಬನ್ನು ಪಕ್ಕದ ಮನೆಯ ಮಗುವಿಗೆ ದಯವಿಟ್ಟು ಕೊಡಬೇಡಿ.

ಹೀಗೆ ಓದುತ್ತಾ ಹೋದಾಗ ಸಿಕ್ಕ ಒಂದು ಊರಿನ ಹೆಸರು ನೋಡಿ ನಾನು ಎದ್ದು ಕೂತೆ. ಸೊಲ್ಲಾಪುರ. ನಾನು ಯಾವ ಊರಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆನೋ ಅದೇ ಊರು.

ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ, ಅಂದರೆ ವೈಶಂಪಾಯನ್ ಹೆಸರಿನ ಕಾಲೇಜಿನಲ್ಲಿ, ಸರ್ಜನ್ ಆಗಿದ್ದ ಡಾ. ಎಂ. ಸುಬ್ರಹ್ಮಣ್ಯಂ 1991ರಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸೆಯ ಪತ್ರಿಕೆಯೊಂದರಲ್ಲಿ ಒಂದು ಲೇಖನ ಪ್ರಕಟಿಸಿದ್ದರು. 104 ಮಂದಿ, ಮೇಲ್ಮೈಯಲ್ಲಿ ಸುಟ್ಟ ಗಾಯದವರು. 52 ಜನರಿಗೆ ಜೇನು, 52 ಜನರಿಗೆ ಸಿಲ್ವರ್ ಕ್ರೀಮು. ಏಳು ದಿನದೊಳಗೆ ಜೇನಿನ ಗುಂಪಿನಲ್ಲಿ ಶೇ. 91ರಷ್ಟು ಗಾಯಗಳಲ್ಲಿ ಸೋಂಕು ಹೋಗಿತ್ತು, ಕ್ರೀಮಿನ ಗುಂಪಿನಲ್ಲಿ ಶೇ. 7 ಮಾತ್ರ. 15 ದಿನದೊಳಗೆ ಮಾಯ್ದದ್ದು ಜೇನಿನಲ್ಲಿ ಶೇ. 87, ಕ್ರೀಮಿನಲ್ಲಿ ಶೇ. 10. ಗಾಯಕ್ಕೆ ಜೇನು ಹಚ್ಚುವ ವಿಷಯ ಬಂದರೆ ಈ ಲೇಖನವನ್ನು ಇವತ್ತಿಗೂ ನೆನೆಯುತ್ತಾರೆ. ಅದು ಬಂದದ್ದು ನಾವು ಕಬ್ಬಿನ ಲಾರಿಯ ಹಿಂದೆ ಬಸ್ಸಿನಲ್ಲಿ ಹೋಗಿ ಬರುವ ಈ ಊರಿನಿಂದ!

ಓದಿದ ಕೂಡಲೇ ಓಡಿ ಹೋಗಿ ಅತ್ತಿಯನ್ನು ಎಬ್ಬಿಸಿ ಹೇಳಬೇಕು ಅನ್ನಿಸಿತ್ತು. ಹೇಳಲಿಲ್ಲ. ಇಷ್ಟು ದೊಡ್ಡ ಅಂತರ ನೋಡಿದಾಗ ಖುಷಿಯ ಜೊತೆ ಸಣ್ಣ ಅನುಮಾನವೂ ಬರಬೇಕು. ಮೇಲ್ಮೈಯ ಗಾಯ, 15 ದಿನ, ಆದರೂ ಶೇ. 10 ಮಾತ್ರ ಮಾಯ್ದವು ಅಂದರೆ ಅದು ತೀರಾ ಕಡಿಮೆ. ಯಾರಿಗೆ ಯಾವ ಔಷಧ ಅಂತ ನೋಡುವವರಿಗೆ ಗೊತ್ತಿರುತ್ತದೆ, ಜೇನಿನ ಬಣ್ಣ ಮುಚ್ಚಿಡಲು ಆಗುವುದಿಲ್ಲ. ಕಾಕ್ರೇನ್‌ನವರೂ ಇದೇ ಮಾತು ಎತ್ತಿದ್ದಾರೆ, ಸುಟ್ಟ ಗಾಯಕ್ಕೆ ಜೇನು ಹಚ್ಚಿದ ಪ್ರಯೋಗಗಳ ಹೆಚ್ಚಿನ ಪಾಲು ಒಂದೇ ಕೇಂದ್ರದಿಂದ ಬಂದಿವೆ ಅಂತ. ಆದರೂ 2015ರಲ್ಲಿ 26 ಪ್ರಯೋಗ, 3,011 ಜನರ ಲೆಕ್ಕ ಹಾಕಿ ಅವರೇ ಹೇಳಿದ್ದು ಏನೆಂದರೆ, ಚರ್ಮದ ಅರ್ಧ ಆಳದವರೆಗೆ ಸುಟ್ಟ ಗಾಯಗಳು ಸಾಮಾನ್ಯ ಡ್ರೆಸ್ಸಿಂಗ್‌ಗಿಂತ ಜೇನಿನಲ್ಲಿ ನಾಲ್ಕೈದು ದಿನ ಬೇಗ ಮಾಯುತ್ತವೆ, ಇದಕ್ಕೆ ಒಳ್ಳೆಯ ಪುರಾವೆ ಇದೆ. ಸಿಲ್ವರ್ ಕ್ರೀಮಿಗಿಂತ ಜೇನು ಮೇಲು ಅನ್ನುವುದಕ್ಕೆ ಮಾತ್ರ ಪುರಾವೆ ಬಹಳ ದುರ್ಬಲ. ನಾಲ್ಕೈದು ದಿನ ಅಂದರೆ ನಾಲ್ಕೈದು ಟ್ರಾಲಿ. ಅದನ್ನು ಸಣ್ಣದು ಅನ್ನಲು ನನಗೆ ಮನಸ್ಸಾಗುವುದಿಲ್ಲ.

ಜೇನು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟವಾಯಿತು. ಅದರಲ್ಲಿ ಶೇ. 80ರಷ್ಟು ಸಕ್ಕರೆಯೇ, ನೀರು ಶೇ. 20ಕ್ಕಿಂತ ಕಡಿಮೆ. ಉಪ್ಪಿನಕಾಯಿ ಕೆಡದ ಹಾಗೆ ಅಲ್ವಾ, ಬ್ಯಾಕ್ಟೀರಿಯಾದ ಮೈಯ ನೀರನ್ನೇ ಅದು ಎಳೆದುಬಿಡುತ್ತದೆ. ಜೊತೆಗೆ ಹುಳಿ, ಹೆಚ್ಚಿನ ಸೂಕ್ಷ್ಮಜೀವಿಗಳು ಅಷ್ಟು ಹುಳಿಯಲ್ಲಿ ಬೆಳೆಯಲ್ಲ. ಮೂರನೆಯದು ಜೇನುಹುಳ ತನ್ನ ಬಾಯಿಂದ ಸೇರಿಸುವ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ. ಗಟ್ಟಿ ಜೇನಿನಲ್ಲಿ ಅದು ಮಲಗಿರುತ್ತದೆ. ಗಾಯದ ರಸ ಸೇರಿ ಜೇನು ತೆಳುವಾದಾಗ ಎದ್ದು, ಸ್ವಲ್ಪ ಸ್ವಲ್ಪವೇ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ. ಬಾಟಲಿಯಿಂದ ಸುರಿದಾಗ ನೊರೆ ಬರುವ ಅದೇ ದ್ರವ, ಆದರೆ ಎಳೆ ಚರ್ಮಕ್ಕೆ ಹಾನಿ ಮಾಡದಷ್ಟು ಕಡಿಮೆ, ಗಂಟೆಗಟ್ಟಲೆ. ನ್ಯೂಜಿಲೆಂಡಿನ ಮನುಕಾ ಹೂವಿನ ಜೇನು ಇನ್ನೂ ಬೇರೆ, ಅದರ ಶಕ್ತಿ ಮಿಥೈಲ್‌ಗ್ಲೈಆಕ್ಸಾಲ್ ಎಂಬ ವಸ್ತುವಿನದು. ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ ವರ್ಷಾನುಗಟ್ಟಲೆ ಅದರ ಹಿಂದೆ ಬಿದ್ದಿದ್ದರು. 2007ರಲ್ಲಿ ಆ ಜೇನಿನ ಡ್ರೆಸ್ಸಿಂಗ್‌ಗೆ ಅಮೆರಿಕದ ಔಷಧ ಇಲಾಖೆಯ ಒಪ್ಪಿಗೆಯೂ ಸಿಕ್ಕಿತು. ಕೆಲವರಿಗೆ ಜೇನು ಹಚ್ಚಿದಾಗ ಚುರುಗುಟ್ಟುತ್ತದೆ, ಆ ಹುಳಿಯಿಂದ. ಇನ್ನೊಂದು ಒಳ್ಳೆಯದು, ಜೇನು ತೇವವನ್ನು ಎಳೆದುಕೊಂಡು ಇಡುವುದರಿಂದ ಬಟ್ಟೆ ಗಾಯಕ್ಕೆ ಒಣಗಿ ಅಂಟುವುದಿಲ್ಲ.

ಹಾಗಾದರೆ ಅತ್ತಿ ಮಾಡಿದ್ದು ಸರಿಯೇ ಆಯಿತಲ್ಲ ಅನ್ನಬಹುದು. ಸುಶ್ರುತ ಸಂಹಿತೆಯಲ್ಲೂ ಗಾಯಕ್ಕೆ ಜೇನು, ತುಪ್ಪ ಹೇಳಿದ್ದಾರೆ, ಈಜಿಪ್ಟಿನ ಹಳೆಯ ಬರಹಗಳಲ್ಲೂ ಇದೆ. ಆದರೆ ಆಸ್ಪತ್ರೆಯ ಜೇನು ಬೇರೆ, ನಮ್ಮ ಕಪಾಟಿನ ಬಾಟಲಿ ಬೇರೆ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಬೀಜಗಳು ಇರಬಹುದು. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬಾರದು ಅನ್ನುವುದು ಇದೇ ಕಾರಣಕ್ಕೆ. ಗಾಯಕ್ಕೆ ಬಳಸುವ ಜೇನನ್ನು ಗಾಮಾ ಕಿರಣ ಹಾಯಿಸಿ ಶುದ್ಧ ಮಾಡುತ್ತಾರೆ, ಕಾಯಿಸಿ ಅಲ್ಲ, ಕಾಯಿಸಿದರೆ ಆ ಕಿಣ್ವವೇ ಸಾಯುತ್ತದೆ. ಅಂಗಡಿ ಜೇನನ್ನು ಎಷ್ಟೋ ಸಲ ಕಾಯಿಸಿಯೇ ಬಾಟಲಿಗೆ ತುಂಬುತ್ತಾರೆ. ಅದು ಜೇನೇ ಆಗಿದ್ದರೆ ಅನ್ನುವುದು ಇನ್ನೊಂದು ಮಾತು. 2020ರಲ್ಲಿ ದಿಲ್ಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ 13 ಬ್ರ್ಯಾಂಡುಗಳನ್ನು ಪರೀಕ್ಷೆಗೆ ಕಳಿಸಿದಾಗ 10 ಶುದ್ಧತೆಯಲ್ಲಿ ಪಾಸಾಗಲಿಲ್ಲ, ಸಕ್ಕರೆ ಪಾಕ ಬೆರೆತಿದೆ ಅಂತ ಅವರು ಹೇಳಿದರು, ಕಂಪನಿಗಳು ಒಪ್ಪಲಿಲ್ಲ. ಕೊಡಗಿನ ತುಡುವೆ ಜೇನು ತಂದರೂ ಮಾತು ಅಷ್ಟೇ. ಅದು ತಿನ್ನಲು ಅಮೃತ, ತೆರೆದ ಗಾಯಕ್ಕೆ ಅಲ್ಲ.

ಇಷ್ಟೆಲ್ಲ ಓದಿಯೂ ನಾನು ಸುಬ್ರಹ್ಮಣ್ಯಂ ಅವರನ್ನು ಮನಸ್ಸಿನಲ್ಲಿ ಎತ್ತಿ ಇಟ್ಟುಕೊಂಡಿರುವುದು 1991ರ ಲೇಖನಕ್ಕಲ್ಲ. ಅವರು ಜೇನನ್ನು ಆಲೂಗಡ್ಡೆ ಸಿಪ್ಪೆಯ ಡ್ರೆಸ್ಸಿಂಗ್ ಜೊತೆ ಹೋಲಿಸಿದರು, ಹೆರಿಗೆಯ ನಂತರ ಸಿಗುವ ಗರ್ಭಪೊರೆಯ ಜೊತೆ ಹೋಲಿಸಿದರು. ಬಡ ವಾರ್ಡುಗಳಿಗೆ ಕೈಗೆಟುಕುವ ಡ್ರೆಸ್ಸಿಂಗ್ ಹುಡುಕುವ ಕಾಲ ಅದು, ಮುಂಬೈಯ ಡಾಕ್ಟರುಗಳು ಬಾಳೆ ಎಲೆಯನ್ನು ಕೂಡ ಶುದ್ಧ ಮಾಡಿ ಬಳಸಿದ್ದಾರೆ. ಆಮೇಲೆ 1999ರಲ್ಲಿ ಅವರೇ ಇನ್ನೊಂದು ಪ್ರಯೋಗ ಬರೆದರು. 50 ಮಂದಿ, ಮಧ್ಯಮ ಪ್ರಮಾಣದ ಸುಟ್ಟ ಗಾಯ. ಅರ್ಧ ಜನರಿಗೆ ಜೇನು. ಇನ್ನರ್ಧ ಜನರಿಗೆ ಸುಟ್ಟ ಚರ್ಮವನ್ನು ಮೊದಲ ದಿನಗಳಲ್ಲೇ ಪದರ ಪದರವಾಗಿ ಕೆತ್ತಿ ತೆಗೆದು ಬೇರೆ ಕಡೆಯ ಚರ್ಮ ಕೂರಿಸುವುದು. ಆಪರೇಷನ್ನೇ ಮೇಲು ಅಂತ ಬಂತು. ಅದನ್ನು ಲೇಖನದ ಹೆಸರಿನಲ್ಲೇ ನೇರವಾಗಿ ಹಾಕಿದರು, ಜೇನಿಗಿಂತ ಬೇಗ ಚರ್ಮ ಕೂರಿಸುವುದೇ ಉತ್ತಮ ಅಂತ. ಎಂಟು ವರ್ಷ ಜೇನಿನ ಪರವಾಗಿ ಬರೆದ ಮನುಷ್ಯ, ಜೇನು ಎಲ್ಲಿ ಸೋಲುತ್ತದೆ ಅಂತ ತಾನೇ ಹೋಗಿ ಹುಡುಕಿದ. ನನಗೆ ಅದು ಬಹಳ ದೊಡ್ಡದಾಗಿ ಕಾಣುತ್ತದೆ. ಜೇನು ಹಚ್ಚಿ ಅಂತ ವಾಟ್ಸಾಪಿನಲ್ಲಿ ಕಳಿಸುವವರು 1991 ಮಾತ್ರ ಕಳಿಸುತ್ತಾರೆ, 1999 ಕಳಿಸುವುದಿಲ್ಲ.

ಈ ಬೇಗ ಕೆತ್ತಿ ತೆಗೆಯುವ ದಾರಿ ತೋರಿಸಿದ್ದು ಅಂದಿನ ಯುಗೊಸ್ಲಾವಿಯಾದ, ಇಂದಿನ ಸ್ಲೊವೇನಿಯಾದ ಮರಿಬೋರ್ ಊರಿನ ಜೋರಾ ಯಾಂಜೆಕೊವಿಚ್, 1970ರಲ್ಲಿ. ಸತ್ತ ಚರ್ಮ ಅಲ್ಲೇ ಇರುವವರೆಗೆ ಅದು ಬ್ಯಾಕ್ಟೀರಿಯಾಕ್ಕೆ ಹಾಕಿದ ಊಟ. ಅದಕ್ಕೆ ರಕ್ತ ಹರಿಯುವುದಿಲ್ಲ, ಹಾಗಾಗಿ ಇಂಜೆಕ್ಷನ್ ಔಷಧವೂ ಅಲ್ಲಿಗೆ ಮುಟ್ಟುವುದಿಲ್ಲ. ಮೇಲೆ ಬೆಳ್ಳಿ ಹಚ್ಚಿ, ಜೇನು ಹಚ್ಚಿ, ಊಟದ ತಟ್ಟೆ ತೆಗೆಯದೆ ಇರುವೆ ಓಡಿಸಿದ ಹಾಗೆ.

ಅವ್ವನ ಕೈಯಲ್ಲೂ ಆದದ್ದು ಅದೇ. ಮುಂಗೈ ಹಿಂಭಾಗ ಬಿಳಿಚಿಕೊಂಡು ಗಟ್ಟಿಯಾಗಿತ್ತು, ಮುಟ್ಟಿದರೆ ನೋವಿರಲಿಲ್ಲ. ಅಲ್ಲಿ ಕಡಿಮೆ ಸುಟ್ಟಿದೆ ಅಂತ ಮನೆಯವರೆಲ್ಲ ಸಮಾಧಾನಪಟ್ಟಿದ್ದರು. ನೋವು ತಿಳಿಸುವ ನರವೇ ಸುಟ್ಟಿದ್ದರಿಂದ ನೋವಿರಲಿಲ್ಲ ಅಷ್ಟೇ. ಮೊಣಕೈ ಕಡೆಯ ಗಾಯ ಬೆಳ್ಳಿ ಹಾಳೆಯ ಕೆಳಗೆ ಚೆನ್ನಾಗಿ ಮಾಯ್ತು. ಮುಂಗೈಗೆ ಮಾತ್ರ ಮೂರನೇ ವಾರದಲ್ಲಿ ತೊಡೆಯ ಚರ್ಮ ತೆಗೆದು ಹಾಕಬೇಕಾಯಿತು. ಕೈಗಿಂತ ತೊಡೆಯೇ ಜಾಸ್ತಿ ನೋಯುತ್ತದೆ ಅಂತ ಅವ್ವ ಇವತ್ತಿಗೂ ಹೇಳುತ್ತಾಳೆ. ಮೈಯೆಲ್ಲ ಸುಟ್ಟವರಿಗೆ ತೆಗೆಯಲು ತೊಡೆಯಲ್ಲೂ ಚರ್ಮ ಉಳಿದಿರುವುದಿಲ್ಲ. ಅಂಥವರಿಗಾಗಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮದ ಬ್ಯಾಂಕ್ ಇದೆ. ಸತ್ತ ಆರು ಗಂಟೆಯೊಳಗೆ ಮನೆಯವರು ಒಪ್ಪಿದರೆ ಕಾಲು, ಬೆನ್ನಿನಿಂದ ತೆಳು ಪದರ ತೆಗೆದುಕೊಳ್ಳುತ್ತಾರೆ. ಕಣ್ಣು ಕೊಡುವ ಬಗ್ಗೆ ನಾವೆಲ್ಲ ಕೇಳಿದ್ದೇವೆ, ಚರ್ಮ ಕೊಡಬಹುದು ಅಂತ ನನಗೆ ಆ ಬೆಂಚಿನ ಮೇಲೆ ಕೂತಾಗಲೇ ಗೊತ್ತಾಗಿದ್ದು.

ಈ ಸಲದ ಪಂಚಮಿಗೆ ಊರಿಗೆ ಹೋದಾಗ ಅತ್ತಿಯ ಪಕ್ಕ ಕೂತು ಇದನ್ನೆಲ್ಲ ಹೇಳಿದೆ. ನಿಧಾನಕ್ಕೆ, ಆಕೆಗೆ ತಿಳಿಯುವ ಹಾಗೆ. ಜೇನಿನಿಂದ ಕೀವಾಗಲಿಲ್ಲ ಅತ್ತಿ, ಪಾಕ ಆಳಕ್ಕೆ ಸುಟ್ಟಿತ್ತು, ಶುಗರ್ ಇತ್ತು, ಸತ್ತ ಚರ್ಮ ಆರು ದಿನ ಅಲ್ಲೇ ಇತ್ತು, ಬಟ್ಟೆ ಬಿಚ್ಚಲಿಲ್ಲ. ಸೊಲ್ಲಾಪುರದ ಡಾಕ್ಟರೇ ಜೇನು ಹಚ್ಚಿ ಎಷ್ಟೋ ಜನರನ್ನು ಗುಣ ಮಾಡ್ಯಾರ, ಆದರ ಅದು ಬ್ಯಾರೆ ಜೇನು, ಗಾಯ ತೊಳೆದು ಹಚ್ಚಿದ್ದು ಅಂದೆ. ಅತ್ತಿ ತಲೆ ತಗ್ಗಿಸಿ ಎಲ್ಲ ಕೇಳಿದಳು. ಕಣ್ಣೊರೆಸಿಕೊಂಡಳು. ಆಮೇಲೆ ನಾನು ಹೇಳದೆ ಬಿಟ್ಟಿದ್ದನ್ನೇ ಕೇಳಿದಳು.

"ಹಂಗಾದ್ರ ನೀರು?"

ಸುಳ್ಳು ಹೇಳಲು ಆಗಲಿಲ್ಲ. ಸುಟ್ಟ ತಕ್ಷಣ, ತಡವಾದರೂ ಮೂರು ಗಂಟೆಯೊಳಗೆ, ನಳದ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ ಅಲ್ಲ, ಪೇಸ್ಟ್ ಅಲ್ಲ, ಇಂಕು, ಕಾಫಿಪುಡಿ, ಅರಿಶಿನ ಯಾವುದೂ ಅಲ್ಲ, ಬರೀ ನೀರು. ಮೇಲಿಂದ ತಣ್ಣಗಾದರೂ ಒಳಗೆ ಶಾಖ ಇಳಿಯುತ್ತಲೇ ಇರುತ್ತದೆ, ನೀರು ಅದನ್ನು ನಿಲ್ಲಿಸುತ್ತದೆ. ಬೊಬ್ಬೆ ನೀರಿನಿಂದ ಬರುವುದಿಲ್ಲ, ಸುಟ್ಟದ್ದರಿಂದ ಬರುತ್ತದೆ. "ನೀರು ಹಾಕಿದ್ರ ಸ್ವಲ್ಪ ಕಡಿಮಿ ಆಗ್ತಿತ್ತು ಅತ್ತಿ" ಅಂದೆ. ಅತ್ತಿ ಏನೂ ಅನ್ನಲಿಲ್ಲ, ಅವ್ವನ ಎಡಗೈ ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಗಂಟು ಕಟ್ಟಿದ ಕಲೆಯ ಮೇಲೆ ಕೊಬ್ಬರಿ ಎಣ್ಣೆ ತಿಕ್ಕತೊಡಗಿದಳು. ದಿನಾ ಸಂಜೆ ತಿಕ್ಕುವುದು ಅವಳೇ.

ಮರುದಿನ ಬೆಳಿಗ್ಗೆ ಉಂಡಿ ಕಟ್ಟುವಾಗ ಒಲೆಯ ಬಳಿ ಹೋದೆ. ಪಾಕದ ಪಾತ್ರೆಯಿಂದ ಎರಡು ಮಾರು ದೂರದಲ್ಲಿ, ಕಾಲಿಗೆ ತಾಗದ ಹಾಗೆ ಗೋಡೆಗೆ ಒರಗಿಸಿ, ಎರಡು ಕೊಡ ತುಂಬಿ ಇಟ್ಟಿದ್ದರು. ಬಾಯಿಗೆ ತಟ್ಟೆ ಮುಚ್ಚಿ, ಮೇಲೊಂದು ತಂಬಿಗೆ.